ಲೈನು: ಒಂದು ಎರವಲು ಶಬ್ದದ ವಿಮರ್ಶೆ

೧

ಒಂದು ಭಾಷೆಗೆ ಬಂದು ಸೇರುವ ಅನ್ಯದೇಶ್ಯ ಶಬ್ದಗಳಲ್ಲಿ ಎರಡು ಬಗೆಯುಂಟು. ಕೆಲವು ಅತಿಥಿಗಳಂತೆ ಬಂದು, ತಾವು ತಂದ ಒಂದೇ ವಸ್ತುವಿನ ಹೆಸರಾಗಿ ಹಜಾರದಲ್ಲಿಯೇ ಕುಳಿತುಬಿಡುತ್ತವೆ. ಬಸ್ಸು, ಸೈಕಲ್ಲು, ಕಾಫಿ ಮೊದಲಾದುವು ಈ ಜಾತಿಯವು. ಬಸ್ಸು ಎಂದರೆ ಬಸ್ಸೇ ಹೊರತು ಮತ್ತೊಂದಲ್ಲ. ಬೇರೆ ಕೆಲವು ಹಾಗಲ್ಲ. ಒಳಮನೆಯನ್ನು ಹೊಕ್ಕು, ಅಡಿಗೆಯ ಮನೆಯನ್ನೂ ಕೊಟ್ಟಿಗೆಯನ್ನೂ ನೋಡಿಕೊಂಡು, ಕಡೆಗೆ ಮನೆಯವರ ಕೆಲಸಕ್ಕೇ ಕೈಹಾಕುತ್ತವೆ. ಈ ಎರಡನೆಯ ಜಾತಿಯ ಶಬ್ದಗಳಲ್ಲಿ ಅಗ್ರಗಣ್ಯವಾದುದು ‘ಲೈನು’ ಎಂದರೆ ಅತಿಶಯೋಕ್ತಿಯಾಗದು.

ಮೈಸೂರು ಜಿಲ್ಲೆಯ ಪಶ್ಚಿಮಭಾಗದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ಈ ನಾಲ್ಕು ಸೀಮೆಗಳಲ್ಲಿ ಒಂದು ದಿನ ಕಿವಿಗೊಟ್ಟು ಕೇಳಿದರೆ ಸಾಕು, ಈ ಶಬ್ದದ ವೈಭವವು ಗೊತ್ತಾಗುತ್ತದೆ. ಕೃಷ್ಣರಾಜನಗರದ ನಿಲ್ದಾಣದಲ್ಲಿ ಲೈನು ಎಂದರೆ ರೈಲಿನ ಕಬ್ಬಿಣದ ಹಾದಿ; ಹೊಗೆಸೊಪ್ಪಿನ ಹೊಲದ ಅಂಚಿನಲ್ಲಿ ಅದು ಕಂಬದ ಮೇಲಣ ವಿದ್ಯುತ್ತಿನ ತಂತಿ; ನ್ಯಾಯಬೆಲೆ ಅಂಗಡಿಯ ಮುಂದೆ ಅದು ಜನರ ಸರದಿ; ಪಿರಿಯಾಪಟ್ಟಣದಿಂದ ಕೊಡಗಿನ ತೋಟಗಳಿಗೆ ಕೂಲಿಗೆ ಹೋದವರ ಬಾಯಲ್ಲಿ ಅದು ವಾಸದ ಮನೆ; ಹೆಗ್ಗಡದೇವನಕೋಟೆಯ ಕಾಡಿನಲ್ಲಿ ಅದು ಕಿಚ್ಚನ್ನು ತಡೆಯುವ ಬಯಲುಪಟ್ಟೆ; ಲಾರಿಯವನಿಗೆ ಅದು ದೂರದ ಪ್ರಯಾಣ; ದೂರವಾಣಿಯಲ್ಲಿ ಅದು ಸಂಪರ್ಕ; ಶಾಲೆಯ ಹುಡುಗನಿಗೆ ಅದು ಬರೆಹದ ಸಾಲು; ಹಿರಿಯರ ಗದರಿಕೆಯಲ್ಲಿ ಅದು ಶಿಸ್ತು; ಕಾಲೇಜಿನ ತರುಣರ ಪರಿಹಾಸ್ಯದಲ್ಲಿ ಅದು ಪ್ರಣಯದ ಪ್ರಯತ್ನ. ಇಷ್ಟು ಅರ್ಥಗಳನ್ನು ಒಂದೇ ಶಬ್ದವು ಹೊತ್ತು ತಿರುಗುತ್ತಿದ್ದರೂ ಕೇಳುವವರಿಗೆ ಸಂದೇಹವೇ ಹುಟ್ಟುವುದಿಲ್ಲ.

ಇಂಥ ಶಬ್ದದ ವಿಷಯದಲ್ಲಿ ವಿದ್ಯಾವಂತರು ಸಾಮಾನ್ಯವಾಗಿ ಎರಡು ಪಕ್ಷಗಳಾಗಿ ನಿಲ್ಲುತ್ತಾರೆ. ಕನ್ನಡದಲ್ಲಿ ಸಾಲು, ಗೆರೆ, ಪಂಕ್ತಿಗಳಿರುವಾಗ ಈ ಪರಪದವೇತಕ್ಕೆ, ಇದನ್ನು ಹೊರಗೆ ಹಾಕತಕ್ಕದ್ದು ಎಂಬುದು ಮೊದಲನೆಯ ಪಕ್ಷ. ಜನರ ಬಾಯಲ್ಲಿ ಬಂದುದೆಲ್ಲ ಕನ್ನಡವೇ, ಆದಕಾರಣ ಬರೆಹದಲ್ಲಿಯೂ ಎಲ್ಲ ಕಡೆಯೂ ಅದನ್ನೇ ಬಳಸತಕ್ಕದ್ದು ಎಂಬುದು ಎರಡನೆಯದು. ಮೊದಲನೆಯವರು ಶಬ್ದದ ಕುಲವನ್ನು ನೋಡುತ್ತಾರೆ. ಎರಡನೆಯವರು ಅದರ ಸಂಖ್ಯಾಬಲವನ್ನು ನೋಡುತ್ತಾರೆ. ಶಬ್ದವು ಮಾಡುತ್ತಿರುವ ಕೆಲಸವನ್ನು ಇಬ್ಬರೂ ನೋಡುವುದಿಲ್ಲ. ಈ ಕೆಲಸ ಯಾವುದೆಂಬುದನ್ನು ವಿಚಾರಿಸಿದ ಮೇಲಲ್ಲವೆ ಶಬ್ದವನ್ನು ಇಟ್ಟುಕೊಳ್ಳುವ, ಬಿಡುವ ಮಾತು?

೨

ಲೈನು ಎಂಬುದರ ಮೂಲವು ಬಹು ಸಾಧುವಾದುದು. ಲ್ಯಾಟಿನ್ ಭಾಷೆಯಲ್ಲಿ ‘ಲೀನಮ್’ ಎಂದರೆ ಅಗಸೆಯ ಗಿಡ, ಅದರ ನಾರು. ಆ ನಾರಿನಿಂದ ಹೊಸೆದ ದಾರವು ‘ಲೀನಿಯ’. ಅಲ್ಲಿಂದ ಇಂಗ್ಲಿಷಿನ ಲೈನು ಹುಟ್ಟಿತು. ಅಗಸೆನಾರಿನ ಬಟ್ಟೆಗೆ ಲಿನನ್ ಎಂಬ ಹೆಸರು ಬಂದುದೂ, ಬಟ್ಟೆಯ ಒಳಗೆ ಹೊಲಿಯುವ ಪದರಕ್ಕೆ ಲೈನಿಂಗು ಎಂಬ ಹೆಸರು ಬಂದುದೂ ಇದೇ ಬೇರಿನಿಂದ. ಹುಣಸೂರಿನ ದರ್ಜಿಯು ಕುಪ್ಪಸಕ್ಕೆ ‘ಲೈನಿಂಗ್’ ಬೇಕೇ ಎಂದು ಕೇಳುವಾಗಲೂ, ಕಾವೇರಿಯ ನಾಲೆಗೆ ‘ಲೈನಿಂಗ್ ಕೆಲಸ’ ನಡೆಯುತ್ತಿದೆಯೆಂದು ಕೃಷ್ಣರಾಜನಗರದ ರೈತನು ಹೇಳುವಾಗಲೂ, ಇಬ್ಬರೂ ತಮಗರಿಯದಂತೆ ಒಂದೇ ಅಗಸೆಯ ಹೊಲದಿಂದ ನಾರು ಕೀಳುತ್ತಿರುತ್ತಾರೆ. ದರ್ಜಿಗೆ ‘ಅಸ್ತರಿ’ ಎಂಬ ಹಳೆಯ ಮಾತು ಇತ್ತು, ಈಗಲೂ ಕೆಲವರಲ್ಲಿ ಉಂಟು. ನಾಲೆಗೆ ಅಸ್ತರಿಯನ್ನು ಹೊಲಿಯುವ ಸಾಹಸವನ್ನು ಮಾತ್ರ ಯಾರೂ ಮಾಡಲಿಲ್ಲ.

ದಾರವೊಂದು ಇಷ್ಟು ದೂರ ಬೆಳೆದುದನ್ನು ಕಂಡು ಆಶ್ಚರ್ಯಪಡಬೇಕಾದುದಿಲ್ಲ. ಭರತಖಂಡದಲ್ಲಿಯೂ ದಾರವು ಹೀಗೆಯೇ ಬೆಳೆಯಿತು. ‘ಸೂತ್ರ’ವೆಂದರೆ ಮೊದಲು ನೂಲು; ಆಮೇಲೆ ವ್ಯಾಕರಣದ, ದರ್ಶನದ ಸಂಕ್ಷೇಪವಾಕ್ಯ; ಆಮೇಲೆ ಗಣಿತದ ನಿಯಮ; ಗೊಂಬೆಯಾಟದಲ್ಲಿಯೂ ರಂಗಸ್ಥಳದಲ್ಲಿಯೂ ಸೂತ್ರಧಾರನ ಕೈಯಲ್ಲಿರತಕ್ಕ ಹತೋಟಿ. ‘ತಂತಿ’ಯ ಕಥೆಯೂ ಅಷ್ಟೆ. ವೀಣೆಯಲ್ಲಿದ್ದ ತಂತಿಯು ಕಂಬದ ಮೇಲಕ್ಕೆ ಹತ್ತಿತು. ಅಲ್ಲಿಂದ ಅಂಚೆಯವನ ಚೀಲಕ್ಕೆ ಇಳಿದು ಸುದ್ದಿಯೇ ಆಗಿಬಿಟ್ಟಿತು. ‘ತಂತಿ ಬಂತು’ ಎಂದರೆ ಒಂದು ತಲೆಮಾರಿನ ಸಂಸಾರಗಳಲ್ಲಿ ಎದೆ ನಡುಗುತ್ತಿತ್ತು. ೨೦೧೩ನೆಯ ಜುಲೈ ತಿಂಗಳಿನಲ್ಲಿ ತಂತಿಯ ಸೇವೆಯು ದೇಶದಲ್ಲಿ ನಿಂತುಹೋಯಿತು. ಆ ಅರ್ಥವೂ ಅದರೊಡನೆ ಹಿರಿಯರ ನೆನಪಿಗೆ ಸೇರಿತು. ಆದುದರಿಂದ ಒಂದು ಶಬ್ದವು ಹಲವು ಅರ್ಥಗಳನ್ನು ತಾಳುವುದು ಇಂಗ್ಲಿಷಿನ ಬಡತನವೂ ಅಲ್ಲ, ಕನ್ನಡದ ಸೋಲೂ ಅಲ್ಲ. ಅದು ಭಾಷೆಯ ಸ್ವಭಾವ.

೩

ಹಾಗಾದರೆ ಕನ್ನಡಕ್ಕೆ ಇದರ ಅಗತ್ಯವೇನಿತ್ತು? ಕನ್ನಡದ ಉಗ್ರಾಣದಲ್ಲಿ ಈ ಜಾತಿಯ ಮಾತುಗಳಿಗೆ ಕೊರತೆಯಿಲ್ಲ. ಅಷ್ಟೇ ಅಲ್ಲ, ಅವು ಒಂದೊಂದೂ ಬೇರೆ ಬೇರೆಯಾಗಿ ನಿಂತಿವೆ. ‘ಗೆರೆ’ಯು ಗೀರು ಎಂಬ ಧಾತುವಿಗೆ ಹತ್ತಿರದ್ದು, ಒಂದು ಮೈಯ ಮೇಲೆ ಗೀರಿದಾಗ ಉಳಿಯುವ ಗುರುತು ಅದು. ಆದಕಾರಣವೇ ಹಣೆಗೂ ಅಂಗೈಗೂ ಗೆರೆಯುಂಟು. ‘ಸಾಲು’ ಎಂಬುದು ಉಳುವವನ ಮಾತು. ನೇಗಿಲು ಹೋದ ದಾರಿ ಸಾಲು. ಅದರಲ್ಲಿ ಎದ್ದ ಪೈರು ಸಾಲು. ದಾರಿಯ ಬದಿಯ ಮರಗಳು ಸಾಲು. ಒಂದರ ಪಕ್ಕಕ್ಕೆ ಒಂದು, ಸಮಾನವಾಗಿ ನಿಂತಿರುವುದೇ ಅದರ ಜೀವ. ‘ಎಳೆ’ಯು ನೂಲಿನದು, ರಂಗವಲ್ಲಿಯದು, ವಿಚಾರದ್ದು. ‘ಪಂಕ್ತಿ’ಯು ಐದು ಎಂಬ ಎಣಿಕೆಯಿಂದ ಹುಟ್ಟಿ, ವೇದದ ಛಂದಸ್ಸಿನಿಂದ ಊಟದ ಮನೆಯವರೆಗೆ ಬಂದಿತು. ‘ಸರದಿ’ಯು ಸ್ಥಳಕ್ಕಿಂತ ಹೆಚ್ಚಾಗಿ ಕಾಲವನ್ನು ಹೇಳುತ್ತದೆ.

ಇಷ್ಟಿದ್ದರೂ ಲೈನು ಬಂದಿತು. ಅದು ಎಲ್ಲಿ ಬಂದಿತು, ಎಲ್ಲಿ ಬರಲಿಲ್ಲ ಎಂಬುದನ್ನು ಗಮನಿಸಿದರೆ ಒಂದು ಕ್ರಮವು ಕಾಣುತ್ತದೆ. ಉಳುಮೆಯಲ್ಲಿ ಸಾಲು ಸಾಲಾಗಿಯೇ ಉಳಿದಿದೆ. ಬಾಗಿಲ ಮುಂದಣ ರಂಗವಲ್ಲಿಯಲ್ಲಿ ಎಳೆಯನ್ನು ಎಳೆಯುತ್ತಾರಲ್ಲದೆ ಲೈನನ್ನು ಎಳೆಯುವುದಿಲ್ಲ. ಮದುವೆಯ ಮನೆಯಲ್ಲಿ ಎಲೆ ಹಾಕಿ ಕುಳ್ಳಿರಿಸಿದರೆ ‘ಮೊದಲನೆಯ ಪಂಕ್ತಿ’. ಆದರೆ ಅದೇ ಮದುವೆಯಲ್ಲಿ ತಟ್ಟೆಯನ್ನು ಕೈಯಲ್ಲಿ ಹಿಡಿದು ನಿಂತರೆ ಅದು ಒಡನೆಯೇ ‘ಊಟದ ಲೈನು’ ಆಗಿಬಿಡುತ್ತದೆ. ಅನ್ನವೂ ಅದೇ, ಸಾರೂ ಅದೇ. ವ್ಯತ್ಯಾಸವೇನೆಂದರೆ, ಪಂಕ್ತಿಯಲ್ಲಿ ಬಡಿಸುವವನು ಕುಳಿತವನ ಬಳಿಗೆ ಬರುತ್ತಾನೆ. ಲೈನಿನಲ್ಲಿ ಉಣ್ಣುವವನು ಬಡಿಸುವವನ ಬಳಿಗೆ ಹೋಗುತ್ತಾನೆ.

ಈ ಒಂದು ಉದಾಹರಣೆಯಲ್ಲಿ ಶಬ್ದದ ಮರ್ಮವೆಲ್ಲ ಅಡಗಿದೆ. ಗೆರೆಗೆ ತುದಿಯ ಚಿಂತೆಯಿಲ್ಲ. ಸಾಲಿಗೆ ಎರಡು ತುದಿಗಳೂ ಸಮಾನ. ಲೈನು ಮಾತ್ರ ತನ್ನ ಜನ್ಮದ ಗುಣವನ್ನು ಬಿಟ್ಟಿಲ್ಲ. ಅದು ದಾರ, ದಾರಕ್ಕೆ ಎರಡು ತುದಿ. ಒಂದು ತುದಿ ಇಲ್ಲಿ, ಮತ್ತೊಂದು ತುದಿ ದೂರದಲ್ಲಿ, ಬೇರೆಯವರ ಕೈಯಲ್ಲಿ. ಎಲ್ಲಿ ಆ ಮತ್ತೊಂದು ತುದಿಯನ್ನು ಕಚೇರಿಯೋ ಕಂಪೆನಿಯೋ ಧಣಿಯೋ ಹಿಡಿದಿರುವರೋ ಅಲ್ಲಿ ಕನ್ನಡಿಗರು ಲೈನು ಎಂದರು. ಎಲ್ಲಿ ಊರಿನವರ ಸ್ವಂತ ಕೈಕೆಲಸವೋ ಅಲ್ಲಿ ಸಾಲು, ಗೆರೆ, ಎಳೆಗಳು ಉಳಿದುಕೊಂಡವು. ಇದು ಯಾವ ಪಂಡಿತಸಭೆಯೂ ಕೂಡಿ ಗೊತ್ತುಮಾಡಿದುದಲ್ಲ. ಆದರೂ ಆ ವಿವೇಕವು ಶಬ್ದದ ಬಳಕೆಯಲ್ಲಿ ಉಂಟು.

೪

ರೈಲಿನ ಲೈನನ್ನೇ ಮೊದಲು ತೆಗೆದುಕೊಳ್ಳಬಹುದು. ಮೈಸೂರಿನಿಂದ ಅರಸೀಕೆರೆಗೆ ಹೋಗುವ ಹಾದಿಯು ೧೯೧೮ರ ಸುಮಾರಿಗೆ ತೆರೆಯಿತು. ಮೊದಲು ಮೀಟರ್ ಗೇಜಾಗಿದ್ದ ಅದು ೧೯೯೦ರ ದಶಕದಲ್ಲಿ ಅಗಲವಾಯಿತು. ಕಾವೇರಿಯ ಪ್ರವಾಹಕ್ಕೆ ತುತ್ತಾದ ಎಡತೊರೆಗೆ ಬದಲಾಗಿ ಕಟ್ಟಿದ ಹೊಸ ಊರು ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಹೊತ್ತು ಈ ಹಾದಿಯ ಮೇಲೆ ನಿಂತಿದೆ. ನಾಲ್ಕು ಪಟ್ಟಣಗಳಲ್ಲಿ ರೈಲಿನ ಲೈನುಳ್ಳದ್ದು ಇದೊಂದೇ. ಹುಣಸೂರು, ಪಿರಿಯಾಪಟ್ಟಣಗಳ ಮೂಲಕ ಕೊಡಗಿನ ಕಡೆಗೆ ಲೈನು ಬರುತ್ತದೆಂಬ ಮಾತು ಮಾತ್ರ ಚುನಾವಣೆಯಿಂದ ಚುನಾವಣೆಗೆ ತಪ್ಪದೆ ಓಡುತ್ತಿರುತ್ತದೆ.

ವಿದ್ಯುತ್ತಿನ ಲೈನಿನ ಕಥೆಯೂ ಕಾವೇರಿಯದೇ. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ೧೯೦೫ರಲ್ಲಿ ಬೆಂಗಳೂರಿಗೂ ೧೯೦೮ರಲ್ಲಿ ಮೈಸೂರಿಗೂ ಬೆಳಕು ಬಂದಿತು. ಹಳ್ಳಿಗಳಿಗೆ ಕಂಬಗಳು ಬಂದದ್ದು ಬಹುಕಾಲದ ಮೇಲೆ. ಕಂಬದೊಡನೆ ಬಂದವನು ಲೈನ್‌ಮನ್. ಈಚೆಗೆ ಇಲಾಖೆಯು ಅವನಿಗೆ ಪವರ್‌ಮ್ಯಾನ್ ಎಂದು ಹೊಸ ನಾಮಕರಣವನ್ನು ಮಾಡಿದೆ. ಊರಿನವರು ಒಪ್ಪಲಿಲ್ಲ. ಪವರು ಅವನ ಕೈಯಲ್ಲಿಲ್ಲ, ಎಲ್ಲಿಯೋ ದೂರದಲ್ಲಿದೆ, ಅವನು ಲೈನನ್ನು ಮಾತ್ರ ನೋಡಿಕೊಳ್ಳುವವನು ಎಂಬುದು ಅವರಿಗೆ ಇಲಾಖೆಗಿಂತ ಚೆನ್ನಾಗಿ ತಿಳಿದಂತಿದೆ.

ಈ ಎರಡು ವೃತ್ತಿಗಳಲ್ಲಿಯೂ ‘ಲೈನ್ ಕ್ಲಿಯರ್’ ಎಂಬ ಮಾತುಂಟು. ವಿಮರ್ಶಕರು ನಿಂತು ನೋಡತಕ್ಕ ಮಾತು ಅದು. ಒಂಟಿ ಹಾದಿಯ ಮೇಲೆ ಮುಂದಿನ ನಿಲ್ದಾಣದವರೆಗೆ ಬೇರೆ ಗಾಡಿಯಿಲ್ಲವೆಂದು ಅಲ್ಲಿಯ ಸ್ಟೇಷನ್ ಮಾಸ್ತರರು ಒಪ್ಪಿಕೊಂಡರೆ ಅದು ರೈಲಿನ ಲೈನ್ ಕ್ಲಿಯರ್. ಅದು ಸಿಕ್ಕಿದ ಕೂಡಲೆ ಗಾಡಿಯು ಹೊರಡುತ್ತದೆ. ಉಪಕೇಂದ್ರದಲ್ಲಿ ವಿದ್ಯುತ್ತನ್ನು ಕಡಿದು, ಇನ್ನು ಕೆಲಸ ಮಾಡಬಹುದೆಂದು ಅನುಮತಿ ಕೊಟ್ಟರೆ ಅದು ವಿದ್ಯುತ್ತಿನ ಲೈನ್ ಕ್ಲಿಯರ್. ಅದು ಸಿಕ್ಕಿದ ಕೂಡಲೆ ಮನುಷ್ಯನು ಕಂಬವನ್ನು ಹತ್ತುತ್ತಾನೆ. ಒಂದರಲ್ಲಿ ಹಾದಿಯು ತೆರವಾದದ್ದು ಶಕ್ತಿಯು ಹರಿಯಲೆಂದು. ಇನ್ನೊಂದರಲ್ಲಿ ತೆರವಾದದ್ದು ಶಕ್ತಿಯು ಹರಿಯದಿರಲೆಂದು. ಅಕ್ಷರಗಳು ಒಂದೇ, ಅರ್ಥವು ಪೂರ್ವಪಶ್ಚಿಮ. ಆದರೆ ಎರಡರಲ್ಲಿಯೂ ಸಮಾನವಾದದ್ದು ಇಷ್ಟು: ಮತ್ತೊಂದು ತುದಿಯಲ್ಲಿ ಕುಳಿತ, ಕಣ್ಣಿಗೆ ಕಾಣದ ಒಬ್ಬನ ಮಾತನ್ನು ನಂಬಿ ಇಲ್ಲಿರುವವನು ತನ್ನ ಪ್ರಾಣವನ್ನು ಒಡ್ಡುತ್ತಾನೆ. ಇದನ್ನು ‘ಮಾರ್ಗನಿರ್ಮಲೀಕರಣ’ ಎಂದೋ ‘ತಂತುಮುಕ್ತಿ’ ಎಂದೋ ಭಾಷಾಂತರಿಸಿ ಕೊಟ್ಟರೆ, ಕಂಬದ ಮೇಲಿರುವವನು ಕೆಳಗಿರುವವನನ್ನು ಎರಡನೆಯ ಸಲ ಕೇಳಬೇಕಾಗುತ್ತದೆ. ಕೆಲವು ಕೆಲಸಗಳಲ್ಲಿ ಎರಡನೆಯ ಸಲ ಕೇಳುವುದಕ್ಕೆ ಅವಕಾಶವಿರುವುದಿಲ್ಲ. ಪ್ರಾಣವು ಯಾವ ಮಾತಿನ ಮೇಲೆ ನಿಂತಿದೆಯೋ ಆ ಮಾತನ್ನು ಶುದ್ಧಿಯ ಹೆಸರಿನಲ್ಲಿ ಬದಲಾಯಿಸತಕ್ಕದ್ದಲ್ಲ.

೫

ಲೈನು ಎಂಬ ಶಬ್ದವು ಮನೆಯಾದದ್ದು ಇನ್ನೂ ಗಂಭೀರವಾದ ವಿಷಯ. ಆಂಗ್ಲರ ಕಾಲದ ದಂಡಿನಲ್ಲಿ ಸಿಪಾಯಿಗಳ ಗುಡಿಸಲುಗಳನ್ನು ಒಂದೇ ನೇರಕ್ಕೆ ಕಟ್ಟಿ ಅವನ್ನು ‘ಲೈನ್ಸ್’ ಎನ್ನುತ್ತಿದ್ದರು. ಪೊಲೀಸರ ವಸತಿಗೆ ಪೊಲೀಸ್ ಲೈನು ಎಂಬ ಹೆಸರು ಉಳಿದದ್ದು ಹಾಗೆ. ದಂಡಿನಿಂದ ಆ ಮಾತು ಕಾಫಿಯ, ಚಹದ ತೋಟಗಳಿಗೆ ಹೋಯಿತು. ಅಲ್ಲಿ ಕೂಲಿಯವರ ಕೋಣೆಗಳು ಒಂದರ ಗೋಡೆಗೆ ಒಂದು ಅಂಟಿಕೊಂಡು, ಒಂದೇ ಸೂರಿನ ಕೆಳಗೆ ಉದ್ದಕ್ಕೆ ನಿಂತವು. ಅದೇ ‘ಲೈನ್‌ಮನೆ’. ೧೯೫೧ರ ಪ್ಲಾಂಟೇಷನ್ ಕಾರ್ಮಿಕರ ಕಾನೂನು ತೋಟದವರು ಕೆಲಸದವರಿಗೆ ವಸತಿಯನ್ನು ಒದಗಿಸತಕ್ಕದ್ದೆಂದು ವಿಧಿಸಿತು. ವಸತಿಯು ಒದಗಿತು, ಆದರೆ ಅದು ಕೆಲಸಕ್ಕೆ ಕಟ್ಟಿದ ವಸತಿ. ಕೆಲಸವು ತಪ್ಪಿದ ದಿನ ಮನೆಯೂ ತಪ್ಪುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಿಂದ ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುವುದು ಹಳೆಯ ವಾಡಿಕೆ. ಕೆಲವರು ಬೆಳಗ್ಗೆ ಜೀಪಿನಲ್ಲಿ ಹೋಗಿ ಸಂಜೆಗೆ ಮರಳುತ್ತಾರೆ. ಕೆಲವರು ಅಲ್ಲಿಯೇ ನಿಲ್ಲುತ್ತಾರೆ. ನಾಗರಹೊಳೆಯ ಕಾಡು ರಕ್ಷಿತಾರಣ್ಯವಾದ ಮೇಲೆ ಹಾಡಿಗಳನ್ನು ಬಿಟ್ಟುಬಂದ ಜೇನುಕುರುಬ, ಬೆಟ್ಟಕುರುಬ, ಯರವ ಮನೆತನಗಳಲ್ಲಿ ಎಷ್ಟೋ ಮಂದಿ ಈ ಲೈನ್‌ಮನೆಗಳನ್ನು ಸೇರಿದರು. ೨೦೧೬ನೆಯ ಡಿಸೆಂಬರಿನಲ್ಲಿ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಕಾಡಿನ ಅಂಚಿಗೆ ಗುಡಿಸಲು ಹಾಕಿಕೊಂಡಿದ್ದ ಆದಿವಾಸಿಗಳನ್ನು ಎಬ್ಬಿಸಿದಾಗ ರಾಜ್ಯವೆಲ್ಲ ಆ ಸುದ್ದಿಯನ್ನು ಕೇಳಿತು. ಅವರಲ್ಲಿ ಬಹುಮಂದಿ ಲೈನ್‌ಮನೆಗಳನ್ನು ಬಿಟ್ಟು ಬಂದವರೇ. ಸ್ವಂತದ್ದೆನ್ನುವ ಒಂದು ಅಂಗುಲ ನೆಲವು ಬೇಕೆಂಬುದೇ ಅವರ ಬೇಡಿಕೆಯಾಗಿತ್ತು. ಆಮೇಲೆ ಅವರಿಗೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಮನೆಗಳಾದವು.

ಈ ಪ್ರಸಂಗದಲ್ಲಿ ಸಾಹಿತ್ಯವಿಮರ್ಶೆಗೆ ಏನು ಕೆಲಸವೆಂದು ಕೇಳಬಹುದು. ಕೆಲಸವುಂಟು. ಲೈನ್‌ಮನೆಯನ್ನು ಕುರಿತು ಬರೆಯುವ ಕಥೆಗಾರನು ಶುದ್ಧಕನ್ನಡದ ಮೋಹದಿಂದ ‘ಸಾಲುಮನೆ’ ಎಂದು ಬರೆದನೆಂದು ಇಟ್ಟುಕೊಳ್ಳೋಣ. ಕೇಳುವುದಕ್ಕೆ ಅದು ಎಷ್ಟು ಇಂಪು! ಸಾಲುಮರ, ಸಾಲುದೀಪ, ಸಾಲುಮನೆ. ಆ ಇಂಪಿನಲ್ಲಿಯೇ ಮೋಸವಿದೆ. ಸಾಲು ಎಂದೊಡನೆ ಸಮಾನರು ತಾವಾಗಿ ಕೂಡಿ ನಿಂತ ಚಿತ್ರವು ಮನಸ್ಸಿಗೆ ಬರುತ್ತದೆ; ಮನೆ ಎಂದೊಡನೆ ಹೊಸಿಲು, ಒಲೆ, ದೇವರ ಗೂಡು. ಮನೆಯ ಬೀಗದ ಕೈಯು ಬೇರೆಯವರ ಉಡಿಯಲ್ಲಿದೆ ಎಂಬ ಅಂಶವು ಆ ಶಬ್ದದಲ್ಲಿ ಎಲ್ಲಿಯೂ ಇಲ್ಲ. ಕಡತವನ್ನು ಬರೆಯುವವನು ‘ಕಾರ್ಮಿಕರ ವಸತಿಗೃಹ’ ಎಂದರೆ ಮೋಸವು ಇನ್ನೂ ದೊಡ್ಡದು. ಅಲ್ಲಿ ಗೃಹವೂ ಇದೆ, ವಸತಿಯೂ ಇದೆ, ಮನುಷ್ಯನೊಬ್ಬನೇ ಇಲ್ಲ. ‘ಲೈನಲ್ಲಿದ್ದೀವಿ’ ಎಂದು ಅಲ್ಲಿರುವವರು ಹೇಳುವಾಗ, ಮನೆಯಲ್ಲಿದ್ದೀವಿ ಎಂದು ಹೇಳುತ್ತಿಲ್ಲವೆಂಬುದನ್ನು ಕಿವಿಯುಳ್ಳ ಲೇಖಕನು ಕೇಳಿಸಿಕೊಳ್ಳಬೇಕು. ಎರವಲು ಶಬ್ದವೇ ಇಲ್ಲಿ ಎರವಲು ಮನೆಗೆ ತಕ್ಕ ಶಬ್ದ. ಅದನ್ನು ತಿದ್ದಿದರೆ ಭಾಷೆಯು ಚೊಕ್ಕಟವಾಗಬಹುದು, ಸತ್ಯವು ಕಳೆದುಹೋಗುತ್ತದೆ.

೬

ಕಾಡಿನಲ್ಲಿ ಲೈನಿಗೆ ಮತ್ತೊಂದು ರೂಪ. ಬೇಸಗೆಗೆ ಮುಂಚೆ ಅರಣ್ಯ ಇಲಾಖೆಯವರು ನಾಗರಹೊಳೆಯಲ್ಲಿಯೂ ಬಂಡೀಪುರದಲ್ಲಿಯೂ ಒಣಹುಲ್ಲನ್ನೂ ತರಗೆಲೆಯನ್ನೂ ಪಟ್ಟೆಪಟ್ಟೆಯಾಗಿ ತೆಗೆದು ಸುಟ್ಟು ಬಯಲು ಮಾಡುತ್ತಾರೆ. ಒಂದು ಕಡೆ ಹತ್ತಿದ ಕಿಚ್ಚು ಆ ಬಯಲನ್ನು ದಾಟಲಾರದೆಂಬುದು ಅದರ ಉಪಾಯ. ಇದೇ ‘ಫೈರ್ ಲೈನು’. ಕಡತಗಳಲ್ಲಿ ‘ಬೆಂಕಿರೇಖೆ’ ಎಂಬ ಮಾತೂ ಬಳಕೆಯಲ್ಲಿದೆ. ಅದು ಕೆಟ್ಟ ಮಾತಲ್ಲ. ಲಕ್ಷ್ಮಣರೇಖೆಯನ್ನು ಬಲ್ಲ ಜನಕ್ಕೆ ರೇಖೆಯನ್ನು ದಾಟಬಾರದೆಂಬುದನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ಅನುವಾದವು ಗೆದ್ದ ಸ್ಥಳವಿದು. ಗೆದ್ದುದಕ್ಕೆ ಕಾರಣವೂ ಸ್ಪಷ್ಟ: ರೇಖೆಯಲ್ಲಿ ಆ ನಿಷೇಧದ ಅರ್ಥವು ಮೊದಲೇ ಇತ್ತು, ಹೊಸದಾಗಿ ತುರುಕಬೇಕಾಗಲಿಲ್ಲ. ರೇಖೆಯೂ ಕೆಲವು ಸಲ ಸೋಲುವುದುಂಟು. ೨೦೧೯ನೆಯ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹಬ್ಬಿದ ಕಾಳ್ಗಿಚ್ಚು ಇದಕ್ಕೆ ಸಾಕ್ಷಿ.

ಇದಕ್ಕಿಂತಲೂ ವಿಚಿತ್ರವಾದುದು ಹುಣಸೂರಿನ ಕಾಡಂಚಿನಲ್ಲಿ ಕಾಣುವ ನೋಟ. ಆನೆಗಳು ಹೊಲಕ್ಕೆ ನುಗ್ಗದಂತೆ ತಡೆಯುವುದಕ್ಕೆ ಕಂದಕಗಳನ್ನು ತೋಡಿದರು, ಸೌರವಿದ್ಯುತ್ತಿನ ಬೇಲಿಯನ್ನು ಹಾಕಿದರು. ಸಾಲದಾದಾಗ ಹಳೆಯ ರೈಲಿನ ಕಂಬಿಗಳನ್ನು ತರಿಸಿ, ಕಂಬಗಳಾಗಿಯೂ ಅಡ್ಡಗಳಾಗಿಯೂ ನಿಲ್ಲಿಸಿ, ವೀರನಹೊಸಹಳ್ಳಿಯ ಕಡೆ ಬಲವಾದ ಬೇಲಿಯನ್ನು ಮಾಡಿದರು. ಹೀಗಾಗಿ, ಯಾವ ಊರಿಗೆ ರೈಲಿನ ಲೈನು ಬರುವುದೆಂದು ತಲೆಮಾರುಗಳ ಕಾಲ ಕಾದರೋ ಆ ಸೀಮೆಗೆ ಕಂಬಿಗಳು ಬಂದವು; ಗಾಡಿಯು ಬರಲಿಲ್ಲ. ಹೋಗುವುದಕ್ಕೆಂದು ಎರಕ ಹೊಯ್ದ ಕಬ್ಬಿಣವು ಹೋಗದಂತೆ ತಡೆಯುವುದಕ್ಕೆ ನಿಂತಿತು. ೨೦೧೮ರಲ್ಲಿ ಆ ಕಂಬಿಯನ್ನು ದಾಟಹೋದ ಆನೆಯೊಂದು ಅದರಲ್ಲಿ ಸಿಕ್ಕಿಕೊಂಡು ಪ್ರಾಣಬಿಟ್ಟಿತು. ಬೇಲಿಯ ಈಚೆಗೆ ಬೆಳೆಯನ್ನು ಕಳೆದುಕೊಂಡ ಒಕ್ಕಲು. ಆಚೆಗೆ ಹಾದಿಯನ್ನು ಕಳೆದುಕೊಂಡ ಆನೆ. ಇಬ್ಬರ ಕಷ್ಟವೂ ನಿಜ.

ಇಲ್ಲಿ ಜನರ ಮಾತಿನ ಸೂಕ್ಷ್ಮವನ್ನು ಗಮನಿಸತಕ್ಕದ್ದು. ಅದೇ ಕಬ್ಬಿಣವು ಕೃಷ್ಣರಾಜನಗರದಲ್ಲಿ ನೆಲದ ಮೇಲೆ ಮಲಗಿರುವಾಗ ಅದು ಲೈನು. ಹುಣಸೂರಿನ ಕಾಡಂಚಿನಲ್ಲಿ ಎದ್ದು ನಿಂತಾಗ ಅದನ್ನು ಯಾರೂ ಲೈನು ಎನ್ನುವುದಿಲ್ಲ, ‘ಕಂಬಿ’ ಎನ್ನುತ್ತಾರೆ. ವಸ್ತುವು ಬದಲಾಗಲಿಲ್ಲ, ಆದರೆ ಅದು ಈಗ ಯಾವ ಎರಡು ತುದಿಗಳನ್ನೂ ಕೂಡಿಸುತ್ತಿಲ್ಲ. ದಾರದ ಗುಣವು ಹೋದೊಡನೆ ದಾರದ ಹೆಸರೂ ಹೋಯಿತು.

೭

ಮೇಲಣ ಲಕ್ಷಣಕ್ಕೆ ಒಪ್ಪದ ಪ್ರಯೋಗಗಳಿಲ್ಲವೆ? ಇರುವಂತೆ ತೋರುತ್ತವೆ. ತಂತಿಯೇ ಇಲ್ಲದ ಕೈಫೋನಿನಲ್ಲಿಯೂ ‘ಲೈನಲ್ಲಿರಿ’ ಎನ್ನುತ್ತಾರೆ. ತಂತಿಯು ಹೋದರೂ ಮತ್ತೊಂದು ತುದಿಯು ಹೋಗಲಿಲ್ಲವಾದುದರಿಂದ ಇದು ಲಕ್ಷಣಕ್ಕೆ ವಿರೋಧವಲ್ಲ. ‘ಆನ್‌ಲೈನ್’ ಎಂಬುದೂ ಹಾಗೆಯೇ. ಪಹಣಿಗಾಗಿ, ಪಡಿತರದ ಚೀಟಿಗಾಗಿ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕೆಂದು ಹೇಳಿಸಿಕೊಂಡು, ಆ ಅರ್ಜಿಯನ್ನು ಹಾಕಿಸುವುದಕ್ಕೆ ಅಂಗಡಿಯ ಮುಂದೆ ಬಿಸಿಲಿನಲ್ಲಿ ಲೈನು ನಿಂತ ಮುದುಕಿಯು ಒಂದೇ ಶಬ್ದದ ಎರಡು ಅರ್ಥಗಳ ನಡುವೆ ನಿಂತಿರುತ್ತಾಳೆ. ಒಂದು ಲೈನು ಇನ್ನೊಂದು ಲೈನನ್ನು ಇಲ್ಲವಾಗಿಸುವುದೆಂದು ಹೇಳಿದ್ದವರು ಅದನ್ನು ಅಂಗಡಿಯ ಬಾಗಿಲಿಗೆ ಸ್ಥಳಾಂತರಿಸಿದ್ದಾರಷ್ಟೆ.

‘ಲೈನಿಗೆ ಬಾ’ ಎಂಬ ಗದರಿಕೆಯಲ್ಲಿ ಕವಾಯತಿನ ಮೈದಾನದ ಧ್ವನಿಯಿದೆ. ತುದಿಯನ್ನು ಹಿಡಿದವನು ಅಲ್ಲಿಯೂ ಸ್ಪಷ್ಟವಾಗಿಯೇ ಇದ್ದಾನೆ. ಇನ್ನು ತರುಣರ ‘ಲೈನ್ ಹೊಡೆಯುವುದು’. ಈ ಗ್ರಾಮ್ಯಪ್ರಯೋಗವನ್ನು ಕುರಿತು ಗೃಹಸ್ಥರು ಮುಖ ಸಿಂಡರಿಸುವುದು ಸಹಜ. ಆದರೆ ಇದರ ಹಾಸ್ಯವಿರುವುದೂ ಆ ದಾರದಲ್ಲಿಯೇ: ಮತ್ತೊಂದು ತುದಿಯನ್ನು ಯಾರೂ ಹಿಡಿದಿಲ್ಲ, ಹಿಡಿಯುವರೆಂಬ ಭರವಸೆಯಿಂದ ಹುಡುಗನು ಬರಿಯ ಗಾಳಿಗೆ ದಾರವನ್ನು ಎಸೆಯುತ್ತಿದ್ದಾನೆ. ಆ ಕಡೆಯವಳಿಗೆ ಅದು ಹಾಸ್ಯವಾಗಿರುವುದು ಅಪೂರ್ವ ಎಂಬುದನ್ನೂ ಸೇರಿಸಿ ಹೇಳಿದರೆ ಈ ಪ್ರಯೋಗದ ವಿಮರ್ಶೆಯು ಮುಗಿಯಿತು.

ವ್ಯಾಕರಣದ ದೃಷ್ಟಿಯಿಂದ ಲೈನು ಪೂರ್ಣವಾಗಿ ಕನ್ನಡವಾಗಿದೆ. ಕೊನೆಯಲ್ಲಿ ಉಕಾರವನ್ನು ತಾಳಿ, ಲೈನಿಗೆ, ಲೈನಿನಿಂದ, ಲೈನಲ್ಲಿ ಎಂದು ವಿಭಕ್ತಿಗಳೆಲ್ಲಕ್ಕೂ ತಲೆಬಾಗುತ್ತದೆ. ಎಳೆ, ಹಾಕು, ನಿಲ್ಲು, ಸಿಗು, ತಪ್ಪು ಎಂಬ ಅಚ್ಚಗನ್ನಡ ಕ್ರಿಯೆಗಳೊಡನೆ ಸಂಸಾರ ಮಾಡುತ್ತದೆ. ಲೈನ್‌ಮನೆ ಎಂಬುದು ಹಳೆಯ ವೈಯಾಕರಣರ ಕಣ್ಣಿಗೆ ಅರಿಸಮಾಸದ ಹತ್ತಿರದ್ದಾಗಿ ಕಾಣಬಹುದು. ಸಂಸ್ಕೃತ ಕನ್ನಡಗಳನ್ನು ಬೆಸೆಯುವುದಕ್ಕೆ ಕಟ್ಟಳೆಯನ್ನು ಹಾಕಿದ ಕೇಶಿರಾಜನೂ ಪೂರ್ವಕವಿಗಳ ಪ್ರಯೋಗವಿದ್ದ ಕಡೆ ಅಂಥ ಸಮಾಸಗಳನ್ನು ಒಪ್ಪಿಕೊಂಡನು. ಪೂರ್ವಕವಿಗಳಿಗೆ ಇದ್ದ ಆ ಸಲಿಗೆಯು, ಒಂದು ಶಬ್ದದ ಒಳಗೆ ಬಾಳನ್ನೇ ಕಳೆದವರಿಗೆ ಇರಬಾರದೆಂದು ಹೇಳುವುದು ಕಷ್ಟ.

೮

ಇಷ್ಟು ಹೇಳಿದುದರಿಂದ ಲೈನನ್ನು ಎಲ್ಲ ಕಡೆಯೂ ಸ್ವಾಗತಿಸಬೇಕೆಂದು ಅರ್ಥವಾಗಬಾರದು. ಎರಡನೆಯ ಪಕ್ಷದವರ ಅಜಾಗ್ರತೆಯಿಂದ ಆಗುತ್ತಿರುವ ನಷ್ಟವು ಸಣ್ಣದಲ್ಲ. ಕವಿತೆಯ ‘ನಾಲ್ಕು ಲೈನು’ ಎಂಬುದು ಇದಕ್ಕೆ ದೃಷ್ಟಾಂತ. ಪಾದ, ಚರಣ, ಪಂಕ್ತಿ, ಸಾಲು ಎಂಬ ಮಾತುಗಳಿಗೆ ಕಾವ್ಯದಲ್ಲಿ ಬೇರೆ ಬೇರೆ ಕೆಲಸಗಳುಂಟು: ಪಾದವು ಛಂದಸ್ಸಿನ ಅಳತೆ, ಚರಣವು ಹಾಡಿನ ಭಾಗ, ಸಾಲು ಕಣ್ಣಿಗೆ ಕಾಣುವ ಬರೆಹದ ನೇರ. ೧೯೨೬ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಪ್ರಕಟವಾದ ಕಾಲದಿಂದ ಕನ್ನಡದ ಪದ್ಯರಚನೆಯೇ ಹೊಸ ಜಾಡನ್ನು ಹಿಡಿಯಿತು. ಆಗ ಸಾಲು ಎಂಬ ಅಚ್ಚಗನ್ನಡ ಮಾತು ಹೊಸ ಕೆಲಸವನ್ನು ತಾನೇ ಎತ್ತಿಕೊಂಡಿತು. ಇಂಗ್ಲಿಷಿನಿಂದ ಕವಿತೆಯ ಮಾದರಿಯನ್ನೇ ತಂದವರಿಗೂ ಲೈನು ಎಂಬ ಮಾತನ್ನು ತರಬೇಕಾಗಲಿಲ್ಲ. ಈಗ ಅದನ್ನು ತಂದು ಆ ನಾಲ್ಕು ಮಾತುಗಳನ್ನೂ ಮೂಲೆಗೆ ತಳ್ಳಿದರೆ ಕನ್ನಡಕ್ಕೆ ಒಂದು ಶಬ್ದವು ಬಂದು ನಾಲ್ಕು ಭೇದಗಳು ಹೋದಂತಾಯಿತು. ಅದು ನಷ್ಟದ ವ್ಯಾಪಾರ. ಗದ್ದೆಯಲ್ಲಿ ದಾರ ಹಿಡಿದು ನಾಟಿ ಮಾಡುವ ಹೆಂಗಸರು ಇಂದಿಗೂ ‘ಸಾಲು ನಾಟಿ’ ಎನ್ನುತ್ತಿರುವಾಗ, ಪುಸ್ತಕ ಓದಿದವರು ಪದ್ಯದ ಸಾಲನ್ನು ಲೈನು ಮಾಡುವುದು ವಿದ್ಯೆಗೆ ಶೋಭೆಯಲ್ಲ.

ಆದುದರಿ೦ದ ಶಬ್ದಕ್ಕೆ ಹಾಕತಕ್ಕ ಪರೀಕ್ಷೆಯು ಒಂದೇ: ಇದು ಬಂದುದರಿಂದ ಇಲ್ಲದಿದ್ದ ಒಂದು ಭೇದವು ಸ್ಪಷ್ಟವಾಯಿತೋ, ಇದ್ದ ಭೇದವು ಅಳಿಸಿಹೋಯಿತೋ? ಕಂಬದ ಮೇಲಿರುವವನ ಪ್ರಾಣವನ್ನು ಕಾಯುವ ಲೈನು ಉಳಿಯಲಿ. ಮನೆಯಲ್ಲದ ಮನೆಯನ್ನು ಮನೆಯೆಂದು ಮರೆಮಾಚದಿರುವ ಲೈನು ಉಳಿಯಲಿ. ಬೆಂಕಿಗೆ ರೇಖೆಯೂ, ಉಳುಮೆಗೂ ಕವಿತೆಗೂ ಸಾಲೂ, ರಂಗವಲ್ಲಿಗೆ ಎಳೆಯೂ, ಎಲೆಯ ಮುಂದೆ ಕುಳಿತವರಿಗೆ ಪಂಕ್ತಿಯೂ ಉಳಿಯಲಿ. ೧೯೪೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಹೊರಬಂದಂದಿನಿಂದ, ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರು ಎರವಲು ಪದಗಳನ್ನೇ ಪ್ರತ್ಯೇಕವಾಗಿ ಕೂಡಿಸಿ ಕೋಶವನ್ನು ರಚಿಸಿದವರೆಗೆ, ಕನ್ನಡದ ಕೋಶಕಾರರು ಇಂಥ ಶಬ್ದಗಳನ್ನು ತಾಳ್ಮೆಯಿಂದಲೇ ಕಂಡಿದ್ದಾರೆ. ಆದರೆ ಕೋಶದಲ್ಲಿ ಅರ್ಥಗಳಿಗೆ ಸಂಖ್ಯೆಯನ್ನು ಮಾತ್ರ ಕೊಡಬಹುದು. ಒಂದೊಂದು ಅರ್ಥದ ಹಿಂದೆ ಯಾರು ನಿಂತಿದ್ದಾರೆಂಬುದನ್ನು ತೋರಿಸುವುದು ಸಾಹಿತಿಯ ಹೊಣೆ.

ಅಗಸೆಯ ನಾರಿನಿಂದ ಹೊಸೆದ ಒಂದು ದಾರವು ಏಳು ಸಮುದ್ರಗಳನ್ನು ದಾಟಿ ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆಗಳ ಸೀಮೆಗೆ ಬಂದಿದೆ. ಅದರ ಒಂದು ತುದಿಯನ್ನು ಈ ನಾಡಿನವರು ಹಿಡಿದು ಬಹಳ ಕಾಲವಾಯಿತು. ಮತ್ತೊಂದು ತುದಿಯಲ್ಲಿರುವವರು ಯಾರು ಎಂದು ಕೇಳುವ ಅಭ್ಯಾಸವು ಓದುವವರಿಗೂ ಬರೆಯುವವರಿಗೂ ಬಂದರೆ ಆ ಶಬ್ದವು ಇಲ್ಲಿಗೆ ಬಂದುದು ಸಾರ್ಥಕ.